ದೊಡ್ಡಮ್ಮನ ಗದ್ದೆಯ ಶಾಸನ

ಎಪ್ಪತ್ತರ ದಶಕದಲ್ಲಿ ನಾನು ಮಣಿಪಾಲದ ಕಾಲೇಜಿನಲ್ಲಿ ಓದುತ್ತಿದ್ದೇನೆ ಎಂದು ಕಾಪುವಿನ ನಮ್ಮ ಮನೆಯವರು ನಂಬಿದ್ದರು. ನಾನು ನಿಜವಾಗಿ ಮಾಡುತ್ತಿದ್ದ ಕೆಲಸ ಕಂಡವರ ಧ್ವನಿ ಕದಿಯುವುದು. ಮೀನು ಮಾರುವ ಹೆಂಗಸರು, ಕಟಪಾಡಿಯಲ್ಲಿ ಕೂಗುವ ಬಸ್ ಕಂಡಕ್ಟರು, ಪೂಜೆಯ ಭಟ್ಟರು, ಅಪ್ಪ, ಯಾರನ್ನೂ ಬಿಟ್ಟವನಲ್ಲ. ನಿನ್ನ ಸ್ವಂತ ಧ್ವನಿ ಯಾವುದು ಎಂದರೆ ಮಾತ್ರ ಉತ್ತರ ಇರಲಿಲ್ಲ. ಪರೀಕ್ಷೆಯ ಉತ್ತರಗಳಂತೆ ಅದೂ ಪಕ್ಕದವರದ್ದೇ.

ನನ್ನ ಅಣಕಕ್ಕೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಕಾರ್ಕಳದ ಕಡೆಯ ದೊಡ್ಡಮ್ಮ, ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೂ ಸ್ವರ್ಣಾ ನದಿಯ ದಂಡೆಯ ಗದ್ದೆಯನ್ನು ಗೇಣಿಗೆ ಬೇಸಾಯ ಮಾಡಿಕೊಂಡಿದ್ದಳು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದಾಗ ಅವಳೂ ಅರ್ಜಿ ಹಾಕಿದ್ದಳು. ವಿಚಾರಣೆ ಹತ್ತಿರವಾಗಿತ್ತು. ಗೆದ್ದರೆ ಗದ್ದೆ ಅವಳದು. ಸೋತರೆ, ತಮ್ಮ ಮೇಲೆಯೇ ಅರ್ಜಿ ಹಾಕಿದ ಒಕ್ಕಲನ್ನು ಭೂಮಿಯ ಧಣಿಗಳು ಮುಂದಿನ ಮಳೆಗಾಲದ ತನಕ ಇರಗೊಡುವವರಲ್ಲ.

ಆ ಹೊತ್ತಿಗೆ ಸರಿಯಾಗಿ ನಮ್ಮ ಇತಿಹಾಸದ ಮಾಸ್ಟ್ರು ಬಂದರು. ಅವರಿಗೆ ಸ್ವರ್ಣೆಯ ಹುಚ್ಚು. ಅದು ಘಟ್ಟ ಇಳಿದು ಕಡಲು ಸೇರುವ ತನಕ ಎರಡು ದಂಡೆಗಳಲ್ಲಿ ಬಸದಿ, ವೀರಗಲ್ಲು, ಪಾಳುಬಿದ್ದ ಗುಡಿ ಏನೇನು ಉಂಟೆಂದು ರಜೆಯಲ್ಲೆಲ್ಲ ಕೊಡೆ ಹಿಡಿದು ಹುಡುಕುತ್ತಿದ್ದರು. ದೊಡ್ಡಮ್ಮನ ಗದ್ದೆಯಲ್ಲಿ, ಹೊಳೆಯ ನೀರು ತೋಡಿನಿಂದ ಒಳಗೆ ಬರುವ ಬಾಯಿಯಲ್ಲೇ, ಒಂದು ಬರಹದ ಕಲ್ಲು ನಿಂತಿತ್ತು. ಅವಳು ಅದರ ಮೇಲೆ ಮೈ ಒರಸುವ ಬೈರಾಸು ಒಣಗಿಸುತ್ತಿದ್ದಳು.

ಮಾಸ್ಟ್ರು ನನ್ನ ಜೊತೆ ಅವಳ ಅಂಗಳಕ್ಕೆ ಬಂದು ಮೂಗಿನಲ್ಲಿ "ಗಮನಿಸಿ, ಗಮನಿಸಿ" ಎಂದದ್ದೇ ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಾನೂ ಹಿಂದೆಯೇ ಹೋದೆ.

"ಎಂತ ದೊಡ್ಡಮ್ಮ?"

"ನೀನು ಮಾಡುವುದೇ ಹೆಚ್ಚು ಸರಿ ಉಂಟು ಮಾರಾಯ. ಇವರದ್ದು ಮೂಗಿನಲ್ಲಿ ಸ್ವಲ್ಪ ಕಡಿಮೆ ಆಯಿತು."

ಮಾಸ್ಟ್ರು ಅಕ್ಷರಗಳಿಗೆ ಸೀಮೆಸುಣ್ಣದ ಪುಡಿ ಉಜ್ಜಿ, ಕಲ್ಲಿನೆದುರು ಕುಕ್ಕರಗಾಲಲ್ಲಿ ಕುಳಿತು ಓದಿದರು. ಯಾರೋ ಅರಸ ಈ ಭೂಮಿಯನ್ನು ಬಸದಿಗೆ ಬಿಟ್ಟದ್ದಂತೆ. ಕೊನೆಯ ಸಾಲಿಗೆ ಬಂದಾಗ ಅವರ ಕೊಡೆ ಕೈಯಿಂದ ಜಾರಿತು.

"ಗಮನಿಸಿ! ಶಾಪ ಉಂಟು. ಈ ಭೂಮಿಯನ್ನು ತನ್ನದು ಮಾಡಿಕೊಂಡವರು ಹೊಲಸಿನ ಹುಳುವಾಗಿ ಹುಟ್ಟುತ್ತಾರೆ."

"ಹುಳುವಾ?" ದೊಡ್ಡಮ್ಮ ಕೇಳಿದಳು.

"ಹುಳು. ಅದೆಲ್ಲ ಹೆದರಿಸಲಿಕ್ಕೆ ಬರೆಯುವುದು ಅಮ್ಮ. ಎಲ್ಲ ಶಾಸನದಲ್ಲೂ ಇರುತ್ತದೆ."

ಹುಳು ಎಂಬಲ್ಲಿಗೇ ಅವಳ ಕಿವಿ ಮುಚ್ಚಿತ್ತು. ಮಾಸ್ಟ್ರು ಸಂತೋಷದಲ್ಲಿ ಬಸ್ಸು ಹತ್ತಿದರು. ದೊಡ್ಡಮ್ಮ ಕಲ್ಲಿನ ಮೇಲಿನ ಬೈರಾಸು ತೆಗೆದು ಮಡಚಿದಳು.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ನಗಿಸೋಣವೆಂದು ನಾನು ಎಲೆಯ ಮುಂದೆ ಕುಳಿತು ಮಾಸ್ಟ್ರ ಮೂಗಿನಲ್ಲೇ ಶಾಪ ಓದಿದೆ.

"ಅದನ್ನು ಅಣಕಿಸಬೇಡ," ಎಂದಳು. "ಕೇಳುವವರು ಇದ್ದಾರೆ." ಅವಳ ಕಣ್ಣು ದೈವದ ಕೋಣೆಯ ಕಡೆಗಿತ್ತು.

"ಬರೆದವರು ಸತ್ತು ಎಷ್ಟು ಕಾಲ ಆಯಿತು ದೊಡ್ಡಮ್ಮ?"

"ಕಲ್ಲು ಉಂಟಲ್ಲ. ನೋಡು, ಗೇಣಿ ಕೊಡುವಾಗ ಗದ್ದೆ ನನ್ನದು ಅಂತ ನಾನು ಹೇಳಿದ್ದೇ ಇಲ್ಲ. ಈಗ ಸರಕಾರದ ಎದುರು ನಿಂತು ಹೇಳಬೇಕು. ಶಾಪ ಅದಕ್ಕೇ ಅಲ್ವಾ?"

"ಇಷ್ಟು ಕಾಲ ಧಣಿಗಳು ತಮ್ಮದು ಅಂದರಲ್ಲ, ಅವರ ಅಜ್ಜಂದಿರು ಹುಳು ಆದರಾ?"

"ಆಗಿರಬಹುದು. ಮೊನ್ನೆ ಬದನೆಕಾಯಿಯಲ್ಲಿ ಒಂದು ಇತ್ತು."

ಬೇರೆ ದಿನವಾದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವಳು ನಿಜವಾಗಿಯೂ ಆ ಹುಳುವಿನ ಬಗ್ಗೆ ಯೋಚಿಸಿದ್ದಳು.

ವಿಚಾರಣೆಯ ದಿನ ಅವಳನ್ನು ಕಾರ್ಕಳದ ಕಚೇರಿಗೆ ಮುಟ್ಟಿಸಿದ್ದೇ ನನ್ನ ಸಾಹಸ. ಗೊಮ್ಮಟ ಎಲ್ಲವನ್ನೂ ಬಿಟ್ಟು ನಿಂತ ಊರಿನಲ್ಲಿ ನಾವು ಗದ್ದೆ ಕೇಳಲು ನಿಂತೆವು. ಮೇಜಿನ ಹಿಂದೆ ಭೂ ನ್ಯಾಯಮಂಡಳಿಯ ಅಧ್ಯಕ್ಷರು, ಅಕ್ಕಪಕ್ಕ ಸದಸ್ಯರು. ಬದಿಯ ಕುರ್ಚಿಯಲ್ಲಿ ಧಣಿಗಳು, ಇಸ್ತ್ರಿಯ ಶಾಲು.

"ಈ ಗದ್ದೆಯ ಬೇಸಾಯ ನೀವೇ ಮಾಡುವುದಾ?" ಅಧ್ಯಕ್ಷರು ಕಾಗದದಿಂದ ತಲೆ ಎತ್ತದೆ ಕೇಳಿದರು.

ದೊಡ್ಡಮ್ಮ ಸೆರಗು ಎಳೆದುಕೊಂಡು ನೆಲ ನೋಡಿದಳು.

"ಕೇಳಿತಾ ಅಮ್ಮ? ಉತ್ತರ ಕೊಡದಿದ್ದರೆ ಅರ್ಜಿ ವಜಾ ಮಾಡಬೇಕಾಗುತ್ತದೆ."

ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಅವಳ ಧ್ವನಿ, ಆ ಸ್ವಲ್ಪ ಒಡೆದ ಧ್ವನಿ, ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. "ಹೌದು ಸ್ವಾಮಿ, ನಾನೇ" ಎಂದರೆ ಮುಗಿಯಿತು, ತಲೆ ಎತ್ತದವರಿಗೆ ಗೊತ್ತೂ ಆಗುತ್ತಿರಲಿಲ್ಲ. ಬಾಯಿ ತೆರೆದೆ. ಅವಳು ತಿರುಗದೆಯೇ ಕೈ ಹಿಂದೆ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಬಾಯಿ ಮುಚ್ಚಿದೆ.

"ಬೇಸಾಯ ನಾನೇ ಸ್ವಾಮಿ. ಆದರೆ ಕಲ್ಲು ನಿಂತ ಜಾಗ ನನಗೆ ಬೇಡ. ಅದಕ್ಕೆ ಶಾಪ ಉಂಟು."

ಸದಸ್ಯರೊಬ್ಬರು ನಕ್ಕರು. ಧಣಿಗಳು ನಗಲಿಲ್ಲ. ಬಹಳ ಮೃದುವಾಗಿ ಹೇಳಿದರು, "ಪಾಪ, ಹೆದರಿದ್ದಾಳೆ. ಆ ಒಂದು ತುಂಡು ಜಾಗ ನನ್ನ ಹೆಸರಿನಲ್ಲೇ ಇರಲಿ. ಶಾಪ ನನಗೇ ತಟ್ಟಲಿ."

ಕಚೇರಿಯಲ್ಲಿ ಇದ್ದವರಿಗೆಲ್ಲ ಅದು ದೊಡ್ಡ ಮನಸ್ಸಿನಂತೆ ಕೇಳಿಸಿತು. ನನಗೆ ಮಾತ್ರ ತೋಡು ನೆನಪಾಯಿತು. ಕಲ್ಲು ನಿಂತದ್ದು ನೀರಿನ ಬಾಯಿಯಲ್ಲಿ. ಆ ತುಂಡು ಧಣಿಗಳದ್ದಾದರೆ, ಮಳೆ ನಿಂತ ಮೇಲಿನ ಸುಗ್ಗಿಯ ಬೆಳೆಗೆ ಒಂದು ಹನಿ ನೀರೂ ಅವರನ್ನು ಕೇಳದೆ ಇಳಿಯದು.

"ಹಾಗೆಯೇ ಬರೆಯಲಾ?" ಅಧ್ಯಕ್ಷರು ಪೆನ್ನು ಎತ್ತಿದರು.

ಮಣಿಕಟ್ಟಿನಲ್ಲಿ ಅವಳ ಉಗುರು ಇಳಿಯಿತು. ಅವಳು ಧಣಿಗಳ ಮುಖವನ್ನೇ ನೋಡುತ್ತಿದ್ದಳು. ಅವರ ಎದುರು ಅವಳು ಅಷ್ಟು ಹೊತ್ತು ತಲೆ ಎತ್ತಿ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಬೇಡ," ಎಂದಳು. "ಕಲ್ಲು ಸೇರಿಸಿಯೇ ಬರೆಯಿರಿ. ಎಲ್ಲ ನನ್ನ ಹೆಸರಿಗೆ."

"ಮತ್ತೆ ಶಾಪ?"

"ಹುಳು ಆಗುವುದಾದರೆ ನನ್ನ ಗದ್ದೆಯಲ್ಲೇ ಆಗುತ್ತೇನೆ ಸ್ವಾಮಿ. ನೀವು ಬರೆಯಿರಿ."

ಅಧ್ಯಕ್ಷರು ಆಗ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಬರೆದರು. ಹೆಬ್ಬೆಟ್ಟು ಒತ್ತುವಾಗ ಅವಳು ಕಣ್ಣು ಮುಚ್ಚಿಕೊಂಡಳು, ಗುಮಾಸ್ತ ಅವಳ ಕೈ ಹಿಡಿದು ಒತ್ತಿಸಬೇಕಾಯಿತು.