ಓಪನ್ ಮಾಡೋಣ ಅಂದದ್ದು ನನಗೆ ಕೇಳಿಸಿತು

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಎಡಗಾಲು ತಿರುಚಿಕೊಂಡಿತು. ಬಿದ್ದೆ. ಎದ್ದು ಸೀರೆ ಕೊಡವಿಕೊಳ್ಳೋಣ ಅಂದರೆ ಏಳಲಾಗಲಿಲ್ಲ. ಪಾದ ಹೊರಗಡೆಗೆ ವಾಲಿಕೊಂಡಿತ್ತು.

ಎಸ್‌ಟಿಡಿ ಬೂತಿನವರು ನನ್ನನ್ನು ತುಮಕೂರಿನ ಆಸ್ಪತ್ರೆಗೆ ಕಳಿಸಿ, ಮನೆಗೆ ಸುದ್ದಿ ಮುಟ್ಟಿಸಿದರು. ಅವ್ವ, ಅಣ್ಣ ಅಲ್ಲಿಗೆ ಓಡಿಬಂದರು. ಎಕ್ಸ್‌ರೇ ತೆಗೆದರೆ ಪಾದದ ಕೀಲಿನ ಎರಡೂ ಬದಿಯ ಮೂಳೆ ಮುರಿದಿತ್ತು. ಆಪರೇಷನ್ ಆಗಲೇಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದಿನವಿಡೀ ನಿಂತು ಮಾಡುವ ಕೆಲಸ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ; ಈ ಕೆಲಸ ಸುಮ್ಮನೆ ಸಿಕ್ಕಿದ್ದಲ್ಲ. ಇನ್ನು ನಿಲ್ಲಲಾಗದೇ ಹೋದರೆ? ನೋವಿಗೆ ಬಾರದ ಬೆವರು ಆ ಯೋಚನೆಗೆ ಬಂತು.

"ಮೊದಲು ಕ್ಲೋಸ್ಡ್ ಆಗಿ ಮಾಡಕ್ಕೆ ನೋಡ್ತೀವಿ," ಅಂದರು ಡಾಕ್ಟರು. ಅಷ್ಟಕ್ಕೇ ಅವ್ವ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ನನ್ನ ಕಿವಿ ಅವ್ವನ ಹಿಂದೆ ಹೋಗಿತ್ತು.

"ಕ್ಲೋಸು ಅಂದ್ಬುಟ್ರಲ್ಲೋ," ಎಂದು ಅಣ್ಣನ ಮುಂದೆ ಅಳುತ್ತಿದ್ದಳು. ನಮ್ಮ ಕಡೆ ಮೋಟಾರು ಸುಟ್ಟರೂ ಕ್ಲೋಸು, ಮನುಷ್ಯ ಸತ್ತರೂ ಕ್ಲೋಸು.

"ಇವ್ಳೆಲ್ಲಿ ಕ್ಲೋಸ್ ಆಗ್ತಾಳೆ ಬುಡವ್ವ, ಇನ್ನೂ ನಮ್ಮನ್ನೆಲ್ಲ ತಿದ್ಬೇಕಲ್ಲ," ಅಂದ ಅಣ್ಣ.

ನರ್ಸನ್ನು ಕೇಳಿ ತಿಳಿದುಕೊಂಡು, ಅವ್ವನನ್ನು ಕರೆದು ನಾನೇ ಬಿಡಿಸಿ ಹೇಳಿದೆ. ಕಾಲು ಕುಯ್ಯುವುದಿಲ್ಲ, ಸಣ್ಣ ತೂತು ಮಾಡಿ, ಎಕ್ಸ್‌ರೇ ಮೆಷಿನ್ನಿನಲ್ಲಿ ನೋಡಿಕೊಂಡೇ ಸ್ಕ್ರೂ ಹಾಕುತ್ತಾರೆ ಅಂತ. ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದೆ. ಹಾಗೆ ಆಗದಿದ್ದರೆ ಏನು ಮಾಡುತ್ತಾರೆಂದು ಅವ್ವ ಕೇಳಿದಳು. ಆಗುತ್ತೆ ಕಣವ್ವ ಅಂದೆ.

ಆಪರೇಷನ್ ಥಿಯೇಟರಿನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ನಾನಿರಲಿಲ್ಲ. ಕಿವಿ ಮಾತ್ರ ಎಚ್ಚರವಾಗಿತ್ತು. ಪರದೆಯಾಚೆ ಕಾಲು ಎಳೆದರು, ತಿರುಗಿಸಿದರು. ಮತ್ತೆ ಎಳೆದರು. ಆಮೇಲೆ ಡಾಕ್ಟರ ದನಿ ಕೇಳಿಸಿತು.

"ಮೂಳೆ ಕೂರ್ತಿಲ್ಲ. ಓಪನ್ ಮಾಡೋಣ."

ಓಪನ್ ಅಂದರೆ ಕುಯ್ಯುವುದೇ. ಬೇಡ ಅನ್ನಲು ಬಾಯಿ ತೆರೆದೆ. ಚಳಿಗೆ ಹಲ್ಲು ಕಟಕಟ ಅಂದವು, ಅಷ್ಟೇ.

ಪಕ್ಕದ ಬೆಡ್ಡಿನಲ್ಲಿ ಹಾಗಲವಾಡಿಯ ಹೆಂಗಸೊಬ್ಬರಿದ್ದರು. ಅವರದು ಮುರಿದದ್ದು ಒಂದೇ ಮೂಳೆ, ಅದೂ ಹೆಚ್ಚು ಜರುಗಿರಲಿಲ್ಲ. ತೂತಿನಲ್ಲೇ ಮುಗಿಯಿತು, ವಾಕರ್ ಹಿಡಿದು ಬೇಗನೆ ಊರಿಗೆ ಹೋದರು. ನನ್ನ ಕಾಲಿನ ಎರಡೂ ಬದಿಗೆ ಉದ್ದನೆಯ ಹೊಲಿಗೆ. ಡ್ರೆಸ್ಸಿಂಗ್ ಬಿಚ್ಚಿದಾಗ ಒಂದು ಗಾಯದ ಅಂಚು ಕಪ್ಪಾಗಿತ್ತು. ಒಳಗೆ ಕೀವಾದರೆ ಕಷ್ಟ ಎಂದು ನರ್ಸುಗಳು ಮಾತಾಡಿಕೊಂಡರು. ಅಲ್ಲಿಂದಾಚೆ ಡ್ರೆಸ್ಸಿಂಗ್ ಟ್ರಾಲಿಯ ಸದ್ದಾದರೆ ಸಾಕು, ಮಂಚದ ಸರಳು ಹಿಡಿದುಕೊಳ್ಳುತ್ತಿದ್ದೆ.

ನನಗೂ ತೂತಿನಲ್ಲೇ ಮುಗಿಸಬಹುದಿತ್ತಲ್ಲ ಸಾರ್ ಅಂತ ಕೇಳಿಯೇಬಿಟ್ಟೆ. ಡಾಕ್ಟರು ಸಿಟ್ಟಾಗಲಿಲ್ಲ. ತೂತಿನಿಂದ ಮಾಡಿದರೆ ಚರ್ಮಕ್ಕೆ ಒಳ್ಳೆಯದು ನಿಜ, ಅಂದರು. ಆದರೆ ನಿಮ್ಮ ಮೂಳೆಯ ಚೂರುಗಳ ಮಧ್ಯೆ ಮೂಳೆಯ ಮೇಲಿನ ಪೊರೆ ಸಿಕ್ಕಿಕೊಂಡಿತ್ತು, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಕಣ್ಣಿಂದಲೇ ನೋಡಿ ಬಿಡಿಸಬೇಕಾಯಿತು ಎಂದರು. ಮೊದಲ ದಿನವೇ ಹೇಳಿದ್ದೆನಲ್ಲ, ಆಗದಿದ್ದರೆ ಓಪನ್ ಅಂತ, ಎಂದೂ ಸೇರಿಸಿದರು.

"ಗಾಯ ಚಿಕ್ಕದಾಗ್ಲಿ ಅಂತ ಕೀಲು ಸೊಟ್ಟ ಬಿಟ್ಟಿದ್ರೆ, ಮೇಡಂ, ಜೀವನ ಪೂರ್ತಿ ನನ್ನ ಬೈಕೊಂಡು ನಡೀಬೇಕಿತ್ತು ನೀವು."

ಕಪ್ಪು ಚರ್ಮ ನಿಧಾನವಾಗಿ ಒಣಗಿ ಉದುರಿತು. ಕೀವಾಗಲಿಲ್ಲ. ಆದರೂ ನನಗೆ ಧೈರ್ಯ ಬರಲಿಲ್ಲ. ರಾತ್ರಿ ಹೊದಿಕೆ ತಗುಲಿದರೂ ಎಚ್ಚರವಾಗುತ್ತಿತ್ತು.

ಮೊನ್ನೆ ಡಾಕ್ಟರು, ಇನ್ನು ಕಾಲಿನ ಮೇಲೆ ಸ್ವಲ್ಪ ಭಾರ ಹಾಕಿ ಅಂದರು. ಊರುಗೋಲು ಹಿಡಿದು ಎದ್ದೆ. ಅವ್ವ ಎರಡೂ ಕೈ ಚಾಚಿಕೊಂಡಿದ್ದಳು, ಮುಟ್ಟಲಿಲ್ಲ.

"ಕಾಲೂರು ಕಣೇ, ಇಲ್ಲೇ ಇದೀನಿ."

ಊರಿದೆ. ನೋವು ಸೊಂಟದವರೆಗೂ ಹತ್ತಿತು. ಹಾಗೇ ಇದ್ದೆ. ಅಂಗಾಲಿಗೆ ನೆಲ ತಣ್ಣಗೆ ತಗುಲಿತು. ಎಷ್ಟು ದೂರ ನಡೆದೇನೋ ಇನ್ನೂ ಗೊತ್ತಿಲ್ಲ. ನಿಂತೆ, ಅಷ್ಟು ನಿಜ.