ಮುಂಬ್ರಾ ಗುಡ್ಡದ ನೀರು

ಠಾಣೆಯಿಂದ ಡೊಂಬಿವಲಿಗೆ ಫಾಸ್ಟ್ ಲೋಕಲ್ ರೈಲು ನಿಂತಿರುವಾಗ ಅದನ್ನು ಬಿಟ್ಟು ಸ್ಲೋ ಹತ್ತುವವರಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಆ ವರ್ಷ ನನ್ನ ತಲೆ ಕೆಟ್ಟೇ ಇತ್ತು. ಆಗಿನ್ನೂ ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದೊಳಗಿಂದ ಹಾದುಹೋಗುತ್ತಿದ್ದವು. ಅಲ್ಲಿ ಫೋನಿಗೆ ಸಿಗ್ನಲ್ ಇರುತ್ತಿರಲಿಲ್ಲ. ಸ್ಲೋ ಗಾಡಿ ಮಾತ್ರ ಗುಡ್ಡವನ್ನು ಬಳಸಿ ಹೊರಗಿನಿಂದ ಹೋಗುತ್ತಿತ್ತು.

ಮಗಳು ಬಸುರಿಯಾಗಿ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಳು. ಹಿಂದೊಮ್ಮೆ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದೆಂದು ಡಾಕ್ಟರು ಹೇಳಿದ್ದರು. ಠಾಣೆಯ ವಾಗ್ಳೆ ಎಸ್ಟೇಟಿನ ನೌಕರಿಯನ್ನು ನಾನು ಬಿಡುವಂತಿರಲಿಲ್ಲ. ಮನೆಯಲ್ಲಿ ಅತ್ತೆ ಇದ್ದರು, ನಿಜ. ಆದರೆ ಅವರು ಫೋನ್ ಮಾಡುವ ಹೊತ್ತಿಗೇ ನಾನು ಸುರಂಗದಲ್ಲಿದ್ದರೆ?

"ಅಷ್ಟರಾಗ ಏನ ಆಕಾಶ ಕಳಚಿ ಬೀಳ್ತದ?" ಎಂದು ಅತ್ತೆ ನಗುತ್ತಿದ್ದರು. ಬೀಳುತ್ತದೆ ಎಂದೇ ನನಗನಿಸುತ್ತಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ನನಗೆ ಲೋಕಲ್ಲಿನಲ್ಲಿ ಸೀಟು ಸಿಕ್ಕರೂ ಕಣ್ಣು ಮುಚ್ಚಲು ಭಯ.

ಹೀಗೆ ಸ್ಲೋ ಹಿಡಿದ ಮೊದಲ ಸಂಜೆ, ಕಳವಾ ದಾಟಿದ ಮೇಲೆ ಒಂದು ಕಡೆ ಸಮುದ್ರದ ನೀರು ಒಳನುಗ್ಗುವ ಖಾಡಿ, ಇನ್ನೊಂದು ಕಡೆ ಗುಡ್ಡ ಕಂಡವು. ಮಳೆಗಾಲದ ನೀರು ಕಪ್ಪು ಬಂಡೆಯ ಮೇಲಿಂದ ಬೆಳ್ಳಗೆ ಇಳಿಯುತ್ತಿತ್ತು. ಇಷ್ಟು ವರ್ಷ ಇದೇ ಊರುಗಳ ನಡುವೆ ಓಡಾಡಿದವಳು ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಮುಂಬ್ರಾ ಬಂದಾಗಲೇ ನೆನಪಾಯಿತು: ಇಷ್ಟು ಹೊತ್ತು ನಾನು ಫೋನನ್ನೇ ನೋಡಿಲ್ಲ! ಗಾಬರಿಯಿಂದ ಮನೆಗೆ ಫೋನ್ ಮಾಡಿದೆ. ಮಗಳೇ ಎತ್ತಿದಳು. ಬೇರೇನೂ ತೋಚದೆ, "ಗುಡ್ಡದ ಮ್ಯಾಲಿಂದ ನೀರು ಬೀಳ್ಲಿಕ್ಕತ್ತದ ನೋಡು" ಎಂದೆ.

"ಸಚ್ಚಿ? ಕಿತನಾ?" ಎಂದಳು, ನಿಜವೇ, ಎಷ್ಟು ಎಂದು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೋ ಮರಾಠಿಯಲ್ಲೋ.

ಅಂದಿನಿಂದ ಪ್ರತಿ ಸಂಜೆ ಅಲ್ಲಿಂದಲೇ ಫೋನ್. ಇವತ್ತು ನೀರು ಜೋರಾಗಿದೆ, ಇವತ್ತು ಮೋಡ ಇಳಿದು ಗುಡ್ಡ ಅರ್ಧ ಮಾತ್ರ ಕಾಣುತ್ತಿದೆ, ಖಾಡಿಯ ಕೆಸರಿನಲ್ಲಿ ಬೆಳ್ಳಕ್ಕಿ ಕೂತಿವೆ. ದಿನವಿಡೀ ಹಿಡಿದಿಟ್ಟ ಉಸಿರು ಅಲ್ಲಿ ಬಿಡುತ್ತಿದ್ದೆ. ದಿವಾ ಸ್ಟೇಷನ್ ಬರುವಷ್ಟರಲ್ಲಿ ಮತ್ತೆ ಫೋನನ್ನೇ ನೋಡತೊಡಗುತ್ತಿದ್ದೆ.

ದಸರೆ ಮುಗಿಯಿತು. ನೀರು ದಾರದಷ್ಟಾಗಿ, ಕೊನೆಗೆ ಬಂಡೆ ಒಣಗಿ ನಿಂತಿತು. ನಮ್ಮ ಮನೆಗಳಲ್ಲಿ ದೀಪ ಆರಿತು ಎನ್ನುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ತುಂಬಿದ ಬಸುರಿಗೆ ನೀರು ಬತ್ತಿತು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಒಣ ಬಂಡೆ ನೋಡುತ್ತಲೇ, "ಇನ್ನೂ ಬೀಳ್ತದ, ಸಣ್ಣಗ" ಎನ್ನುತ್ತಿದ್ದೆ. ಅವಳು ದಿನವೂ ಕೇಳುತ್ತಿದ್ದಳು, ನಾನು ದಿನವೂ ನೀರು ಹರಿಸುತ್ತಿದ್ದೆ.

ದೀಪಾವಳಿ ಕಳೆದು ಒಂದು ಮಧ್ಯಾಹ್ನ, ಹೇಳಿದ ತಾರೀಖಿಗಿಂತ ಮೊದಲೇ ನೋವು ಬಂತು. ಅಂದು ರವಿವಾರ, ಪುಣ್ಯಕ್ಕೆ ನಾನು ಮನೆಯಲ್ಲಿದ್ದೆ. ಠಾಣೆಯ ಆಸ್ಪತ್ರೆಗೆ ಟ್ಯಾಕ್ಸಿ ಮಾಡಿಸಿದೆ. ಅಳಿಯ ಕೋಪರಖೈರಣೆಯಿಂದ ನೇರ ಅಲ್ಲಿಗೇ ಬರುತ್ತೇನೆಂದ. ಟ್ಯಾಕ್ಸಿ ಮುಂಬ್ರಾ ಬೈಪಾಸ್ ಹಿಡಿದಾಗಲೇ ನನಗೆ ಹೊಳೆದದ್ದು: ಆ ರಸ್ತೆ ಗುಡ್ಡದ ಮಗ್ಗುಲಲ್ಲೇ ಹೋಗುತ್ತದೆ. ಮಗಳು ನನ್ನ ಭುಜದಿಂದ ತಲೆ ಎತ್ತಿ ಹೊರಗೆ ನೋಡಿದಳು. ಒಣ ಹುಲ್ಲು, ಕಂದು ಬಂಡೆ. ಎಲ್ಲೂ ಒಂದು ಹನಿ ಇರಲಿಲ್ಲ. ನಾನು ಅವಳ ಕಣ್ಣಿಗೆ ಸೆರಗು ಅಡ್ಡ ಹಿಡಿಯಲು ಹೋದೆ.

ಅವಳು ನನ್ನ ಕೈ ಸರಿಸಿದಳು. ನೋವಿನ ನಡುವೆ, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ದಿವಾಳಿಗೆ ಎಲ್ಲಿ ನೀರು ಇರ್ತದ? ನಂಗ ಗೊತ್ತಿತ್ತು. ದಿನಾ ಅಲ್ಲಿ ಬಂದಾಗಷ್ಟ ನಿನ್ನ ಆವಾಜ್ ಶಾಂತ್ ಆಗ್ತಿತ್ತು. ಅದನ್ನ ಕೇಳಲಿಕ್ಕೆ ಕೇಳ್ತಿದ್ದೆ."

ನಾನು ಸೆರಗು ಇಳಿಸಿದೆ. ಮುಂದಿನ ನೋವು ಬಂದಾಗ ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, "ಬೋಲ್ ನಾ ಅಮ್ಮಾ, ನೀರು ಕಿತನಾ ಹೈ?" ಎಂದಳು.

ಒಣ ಬಂಡೆಯನ್ನು ನೋಡುತ್ತ, "ಜೋರ ಅದ ಪುಟ್ಟಿ, ಭಾಳ ಜೋರ ಅದ" ಎಂದೆ. ಆಸ್ಪತ್ರೆ ಬರುವ ತನಕ ಅದನ್ನೇ ಹೇಳಿದೆ. ಸಂಜೆ ಮೊಮ್ಮಗಳು ಹುಟ್ಟಿದಳು. ಟ್ಯಾಕ್ಸಿಯಲ್ಲಿ ನನ್ನ ಧ್ವನಿ ಹೇಗಿತ್ತೆಂದು ಮಗಳನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.