ದಿನಾ ಬೆಳಿಗ್ಗೆ ಲೋಣಾವಳಾದ ದಾರಿ ಕೆಡಿಸುವ ರೇಣು ಅಕ್ಕ

ಬೆಳಿಗ್ಗೆ ಐದೂ ಮುಕ್ಕಾಲು. ಲೋಣಾವಳಾ ಲೋಕಲ್ ರೈಲು ನಿಲ್ಲುವ ಶಿವಾಜಿನಗರ ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ ಚಹಾದಂಗಡಿಯವ ಈಗಷ್ಟೇ ಒಲೆ ಹಚ್ಚುತ್ತಿದ್ದಾನೆ. ಅವನ ತಲೆಯ ಮೇಲೆ ಮೂರನೇ ಮಹಡಿಯ ಕೋಣೆಯೊಂದರಲ್ಲಿ, ಲೈಟು ಹಾಕದೆ, ಒಬ್ಬ ಹೆಂಗಸು ಸುಮ್ಮನೆ ಕುಳಿತಿದ್ದಾರೆ. ಎದುರಿಗೆ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಒಂಬತ್ತು ಪೆಟ್ಟಿಗೆ. ಪ್ರತಿಯೊಂದರ ಮೈಮೇಲೂ ಹಸಿರು ದೀಪಗಳು ಮಿಣುಕುತ್ತಿವೆ. ಕಿಟಕಿಯಾಚೆ ಜನವರಿಯ ಮಂಜು. ಮಂಜಿನೊಳಗಿಂದ ಮೊದಲ ಲೋಕಲ್ಲಿನ ಕೂಗು ಬರುತ್ತದೆ, ರೈಲು ಕಾಣುವುದಿಲ್ಲ.

"ಸ್ವಲ್ಪ ತಡೀರಿ, ಈಗ ಎಲ್ಲಾ ಮಾತಾಡ್ಲಿಕ್ಕತ್ತಾವ" ಎಂದು ಅವರು ನನ್ನ ಕಡೆ ಕೈ ಎತ್ತುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಐದು ನಿಮಿಷ ಹಾಗೇ ಕಳೆಯುತ್ತದೆ. ಆಮೇಲೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಪ್ಯೂಟರಿನ ಮುಂದೆ ಕೂತು, ಅಷ್ಟು ಚಂದ ನಡೆಯುತ್ತಿದ್ದುದನ್ನು ಒಂದೊಂದಾಗಿ ಕೆಡಿಸತೊಡಗುತ್ತಾರೆ.

ಇವರು ರೇಣುಕಾ ಹಡಪದ, ವಯಸ್ಸು ನಲವತ್ತೇಳು. ಕನ್ನಡದ ಹುಡುಗರಿಗೆ ರೇಣು ಅಕ್ಕ, ಮರಾಠಿಯವರಿಗೆ ರೇಣುತಾಯಿ. ಕಂಪ್ಯೂಟರ್ ಜಾಲ ಕಲಿಸುವ ಈ ತರಬೇತಿ ಕೇಂದ್ರದಲ್ಲಿ ಲ್ಯಾಬು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವುದು ಎಂದರೆ, ಎಂಟು ಗಂಟೆಗೆ ವಿದ್ಯಾರ್ಥಿಗಳು ಬರುವ ಮೊದಲು ಅದನ್ನು ಹಾಳು ಮಾಡಿಡುವುದು. ಬಂದವರು ತಪ್ಪು ಹುಡುಕಿ ಸರಿ ಮಾಡಬೇಕು. ದಿನಕ್ಕೆ ಮೂರು ಬ್ಯಾಚು, ಬ್ಯಾಚಿಗೆ ಐದು ತಪ್ಪು. ಹದಿನೈದು ತಪ್ಪು ಮಾಡದೆ ಈ ಅಕ್ಕ ಒಂದು ದಿನವೂ ಮನೆಗೆ ಹೋಗಿಲ್ಲ!

ನನಗೆ ಗೊತ್ತಿರುವ ಜಾಲವಿದ್ಯೆ ಎಂದರೆ ಮನೆಯ ವೈಫೈ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡುವುದು. ಅದನ್ನು ಹೇಳಿದ್ದಕ್ಕೆ ಅಕ್ಕ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಪಾಪ ಅನ್ನಿಸಿತೋ ಏನೋ, ಪೆಟ್ಟಿಗೆಗಳ ಮೇಲಿನ ಚೀಟಿ ತೋರಿಸುತ್ತಾರೆ. ಶಿವಾಜಿನಗರ, ಖಡಕಿ, ದಾಪೋಡಿ, ಪಿಂಪ್ರಿ, ಚಿಂಚವಡ, ಆಕುರ್ಡಿ, ದೇಹೂರೋಡ್, ತಳೇಗಾಂವ್, ಲೋಣಾವಳಾ. ಒಂಬತ್ತು ರೂಟರುಗಳಿಗೆ ಲೋಕಲ್ ರೈಲಿನ ಒಂಬತ್ತು ಸ್ಟೇಷನ್ನಿನ ಹೆಸರು. ಶಿವಾಜಿನಗರದಿಂದ ಖಡಕಿಯ ಮೂಲಕ ಒಂದು ದಾರಿ, ಚಿಂಚವಡದ ಮೂಲಕ ಇನ್ನೊಂದು ದಾರಿ. ಎರಡೂ ತಳೇಗಾಂವಿನಲ್ಲಿ ಕೂಡಿ, ಅಲ್ಲಿಂದ ಲೋಣಾವಳಾಕ್ಕೆ ಒಂದೇ ತಂತಿ. ಒಂದೇ ಸಾಲಿನ ಸ್ಟೇಷನ್ನುಗಳನ್ನು ಹೀಗೆ ಕವಲೊಡೆಸಿದ್ದನ್ನು ರೈಲ್ವೆಯವರು ನೋಡಿದರೆ ತಲೆ ಚಚ್ಚಿಕೊಂಡಾರು.

"ಒಂದೊಂದು ತಂತಿಗೆ ಎರಡೇ ತುದಿ, ಎರಡು ತುದಿಗೆ ಇಬ್ಬರೇ ನೆರೆಯವರು" ಎಂದು ಅಕ್ಕ ಪಾಠ ಶುರು ಮಾಡುತ್ತಾರೆ. "ಹತ್ತು ಸೆಕೆಂಡಿಗೊಮ್ಮೆ ಇವರು ಅವರಿಗೆ ನಮಸ್ಕಾರ ಅಂತಾರ, ಅವರು ಇವರಿಗೆ. ಹಂಗ ಗುರುತಾದ ಮ್ಯಾಲ ತಮ್ಮ ಕಡೆ ಯಾವ ಯಾವ ದಾರಿ ಅದ ಅಂತ ಹೇಳ್ಕೋತಾರ. ಒಂದು ದಾರಿ ಮುಚ್ಚಿದ್ರ ತಾವ ಇನ್ನೊಂದು ಹುಡುಕ್ತಾರ. ಯಾರೂ ಹೇಳಿಕೊಡೋದು ಬ್ಯಾಡ." ಪುಸ್ತಕದಲ್ಲಿ ಇದಕ್ಕೆ ಡೈನಾಮಿಕ್ ರೂಟಿಂಗ್ ಎನ್ನುತ್ತಾರಂತೆ. ನಾನು ಇನ್ನು ಪುಸ್ತಕ ಓದುವುದಿಲ್ಲ, ಇಷ್ಟೇ ಸಾಕು.

ಅಕ್ಕನಿಗೆ ಕನಸಿನಲ್ಲೂ ಇದೇ. "ಲೋಣಾವಳಾ ಸ್ಟೇಷನ್ನಿನ್ಯಾಗ ಮಂದಿ ಚಿಕ್ಕಿ ಡಬ್ಬಿ ಹಿಡ್ಕೊಂಡು ನಿಂತಿರ್ತಾರ, ಮಳಿ ಹೊಡೀತಿರ್ತದ. ಗಾಡಿ ಬರೋದಿಲ್ಲ. ಯಾರೂ ಸಿಟ್ಟಾಗೋದಿಲ್ಲ, ಎಲ್ಲಾರೂ ನನ್ನ ಕಡೆ ನೋಡ್ತಾರ. ನಾ ಹಾಸಿಗ್ಯಾಗ ಎದ್ದು ಕುಂತು, ತಳೇಗಾಂವದ ತಂತಿ ನೋಡ್ರಿ ಅಂತೀನಿ. ನಮ್ಮ ಮನಿಯವರು, ಏ ಮಲ್ಕೊ, ನೋಡಿ ಬರ್ತೀನಿ ಅಂತಾರ." ಮನೆಯವರು ಚನ್ನವೀರ, ಬೈಂಡಿಂಗ್ ಕೆಲಸದವರು. ಹೆಂಡತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಕೆಡಿಸೋದು' ಎಂದು ಹೇಳಿ ಮುಖ ನೋಡುವುದು ಅವರ ಖುಷಿ.

ಅಕ್ಕ ಹುಟ್ಟಿದ್ದು ಇದೇ ಊರಿನ ಯೆರವಡಾದಲ್ಲಿ. ಅಪ್ಪ ಶಿವಪ್ಪ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿನ ಕೋರ್ಟಿನ ಬಳಿ ಒಬ್ಬ ವಕೀಲರ ಗುಮಾಸ್ತರಾಗಿದ್ದವರು. ಮಗಳು ಹತ್ತನೇ ತರಗತಿ ಪಾಸಾದದ್ದಕ್ಕೆ ಪೇಢೆ ಹಂಚಿದರು, ಮುಂದಿನ ತಿಂಗಳು ಮದುವೆ ನಿಶ್ಚಯ ಮಾಡಿದರು. "ಅಪ್ಪಂದು ತಪ್ಪಿಲ್ಲರಿ. ಆದ್ರ ಕಾಲೇಜಿನ ಗೇಟು ಕಂಡಾಗೆಲ್ಲ ಹೊಟ್ಟಿ ಉರೀತಿತ್ತು, ಸುಳ್ಳ್ಯಾಕ ಹೇಳ್ಲಿ?" ಎನ್ನುತ್ತಾರೆ. ಈ ಕೇಂದ್ರಕ್ಕೆ ಅವರು ಬಂದದ್ದು ಹದಿನಾಲ್ಕು ವರ್ಷದ ಹಿಂದೆ, ಕಸ ಗುಡಿಸಿ ನೆಲ ಒರೆಸುವ ಕೆಲಸಕ್ಕೆ.

ಲ್ಯಾಬಿಗೆ ಅವರ ಕೈ ತಾಗಿದ್ದು ಒಂದು ಅನಾಹುತದಿಂದ. ಮೊದಲ ವರ್ಷದ ಖಂಡೇನವಮಿ. ಆಯುಧಪೂಜೆ ಅಂದರೆ ಆಯುಧ ತೊಳೆದಿರಬೇಕು ತಾನೆ? ಅಕ್ಕ ಎಲ್ಲ ತಂತಿ ಬಿಚ್ಚಿ, ಪೆಟ್ಟಿಗೆ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಮತ್ತೆ ಎಲ್ಲ ತಂತಿ ನೀಟಾಗಿ ಚುಚ್ಚಿಟ್ಟರು. ಎರಡು ದಿನ ಲ್ಯಾಬು ಸತ್ತು ಮಲಗಿತು. ಹಳೇ ಕಾಲದ ಆ ತಂತಿಗಳಲ್ಲಿ ಎರಡು ತುದಿ ನೋಡಲು ಒಂದೇ ಥರ, ಆದರೆ ಒಂದು ತುದಿಯವನು ತಾಳ ಹಾಕಬೇಕು, ಇನ್ನೊಬ್ಬನು ಅದಕ್ಕೆ ಹೆಜ್ಜೆ ಹಾಕಬೇಕು. ಅಕ್ಕ ತುದಿಗಳನ್ನು ಅದಲುಬದಲು ಮಾಡಿದ್ದರು. ಬೈಸಿಕೊಂಡದ್ದು ಅಷ್ಟಿಷ್ಟಲ್ಲ.

"ಬೈದದ್ದಕ್ಕ ಅಳು ಬರ್ಲಿಲ್ಲರಿ. ಪೂಜಾ ಮಾಡಿ ನಾನ ಇವನ್ನ ಮೂಕ ಮಾಡಿದ್ನಲ್ಲ ಅಂತ ಬಂತು." ಮರುದಿನದಿಂದ ಕಸಬರಿಗೆ ಗೋಡೆಗೆ ಒರಗಿಸಿ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಯಾರೂ ಕೂರು ಎನ್ನಲಿಲ್ಲ, ಏಳು ಎಂದೂ ಅನ್ನಲಿಲ್ಲ. ಮೂರು ವರ್ಷದಲ್ಲಿ ಲ್ಯಾಬಿನ ಕೀಲಿಕೈ ಅವರ ಸೊಂಟಕ್ಕೆ ಬಂತು. ಹನ್ನೊಂದು ವರ್ಷದಿಂದ ಅವರು ಕೆಡಿಸಿದ್ದನ್ನು ಸರಿಪಡಿಸಿ ಕಲಿತವರು ಯೆರವಡಾದ ಐಟಿ ಪಾರ್ಕಿನ ಗಾಜಿನ ಕಟ್ಟಡಗಳಲ್ಲಿ ಕುಳಿತಿದ್ದಾರೆ.

ಈಗ ಆ ಕೀಲಿಕೈಗೇ ಕುತ್ತು ಬಂದಿದೆ. ಹೊಸ ನಿಯಮದ ಪ್ರಕಾರ ಲ್ಯಾಬಿನೊಳಗೆ ಕೆಲಸ ಮಾಡುವವರಿಗೆ ಪ್ರಮಾಣಪತ್ರ ಇರಲೇಬೇಕು. ಬರೆಯುವ ಪರೀಕ್ಷೆಯನ್ನು ಅಕ್ಕ ಎರಡನೇ ಸಲಕ್ಕೆ ಪಾಸು ಮಾಡಿದ್ದಾರೆ. ಕೈಕೆಲಸದ ಪರೀಕ್ಷೆ ಈ ಶನಿವಾರ. ಅದರಲ್ಲಿ ಬಿದ್ದರೆ ಸೋಮವಾರದಿಂದ ಕೆಳಗಿನ ಮಹಡಿಯಲ್ಲಿ ಅರ್ಜಿ ತುಂಬಿಸುವ ಮೇಜು. "ಅಲ್ಲೂ ಕುರ್ಚಿ ಅದ, ಫ್ಯಾನ್ ಅದ" ಎಂದು ಅಕ್ಕ ಹಸಿರು ದೀಪಗಳ ಕಡೆ ನೋಡುತ್ತಾರೆ.

ಹಾಗಾಗಿ ಶನಿವಾರ ನಾನು ಮತ್ತೆ ಹೋಗುತ್ತೇನೆ. ಹೋಗದೆ ಇರಲು ಮನಸ್ಸು ಕೇಳಬೇಕಲ್ಲ!

ಬೆಳಿಗ್ಗೆ ಆರೂವರೆ. ಇವತ್ತು ಅಕ್ಕ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಾರೆ, ಇಸ್ತ್ರಿ ಮಾಡಿದ ನೀಲಿ ಇಳಕಲ್ ಸೀರೆ ಉಟ್ಟು. ಒಳಗೆ ಬೇರೊಬ್ಬರು ಲ್ಯಾಬು ಕೆಡಿಸುತ್ತಿದ್ದಾರೆ. ಅವರು ಹರಿಣಾಕ್ಷಿ ಶೆಟ್ಟಿ, ಅಕ್ಕನ ಹಳೇ ವಿದ್ಯಾರ್ಥಿನಿ, ಈಗ ದೊಡ್ಡ ಕಂಪನಿಯೊಂದರ ಇಂಜಿನಿಯರ್. ಅಪ್ಪನದು ಇಲ್ಲೇ ಉಡುಪಿ ಹೋಟೆಲು. ಕೇಂದ್ರದವರು ಹೊರಗಿನ ಪರೀಕ್ಷಕರಾಗಿ ಅವರನ್ನೇ ಕರೆಸಿದ್ದಾರೆ. "ಹದಿನೈದು ದಿನದಿಂದ ನಿದ್ದೆ ಇಲ್ಲ ಮಾರಾಯ್ರೆ. ಇವರಿಗೆ ಗೊತ್ತಿಲ್ಲದ ತಪ್ಪು ಎಲ್ಲಿಂದ ತರುವುದು? ಸುಲಭದ್ದು ಹಾಕಿದರೆ ಅಕ್ಕನಿಗೇ ಅವಮಾನ" ಎನ್ನುತ್ತಾರೆ ಹರಿಣಾಕ್ಷಿ.

ಕೇಂದ್ರದ ಮುಖ್ಯಸ್ಥ ಮಾರ್ತಾಂಡ ಸರ್, ಸೊಲ್ಲಾಪುರದವರು, ಗಡಿಯಾರ ಮೇಜಿನ ಮೇಲಿಡುತ್ತಾರೆ. ಮೂರು ತಪ್ಪು, ನಲವತ್ತೈದು ನಿಮಿಷ. ಸಮಯ ಮುಗಿಯುವ ಹೊತ್ತಿಗೆ ಶಿವಾಜಿನಗರದಿಂದ ಕೂಗಿದರೆ ಲೋಣಾವಳಾ ಓಗೊಡುತ್ತಿರಬೇಕು. ಈಗ ಪರದೆಯ ಮೇಲೆ ಬರೀ ಚುಕ್ಕಿ ಚುಕ್ಕಿ ಬೀಳುತ್ತಿವೆ. ಓಗೊಟ್ಟರೆ ಅಲ್ಲಿ ಉದ್ಗಾರ ಚಿಹ್ನೆಗಳು ಬರುತ್ತವೆ.

ಆರನೇ ನಿಮಿಷಕ್ಕೆ ಮೊದಲ ತಪ್ಪು ಸಿಗುತ್ತದೆ. ಪಿಂಪ್ರಿಯ ತಂತಿಯಲ್ಲಿ ತಾಳ ಹಾಕುವವನನ್ನೇ ಸುಮ್ಮನಾಗಿಸಲಾಗಿದೆ. ಹದಿನೈದನೇ ನಿಮಿಷಕ್ಕೆ ಎರಡನೆಯದು. ಆಕುರ್ಡಿ ಹತ್ತು ಸೆಕೆಂಡಿಗೊಮ್ಮೆ ನಮಸ್ಕಾರ ಅನ್ನುತ್ತಿದೆ, ದೇಹೂರೋಡ್ ಹದಿನೈದಕ್ಕೊಮ್ಮೆ. ಹೀಗಾದರೆ ಇವು ಒಂದನ್ನೊಂದು ನೆರೆಯೆಂದು ಒಪ್ಪುವುದೇ ಇಲ್ಲ. ಅಕ್ಕ ಎರಡನ್ನೂ ಸರಿ ಮಾಡುತ್ತಾರೆ. ಉಳಿದದ್ದು ತಳೇಗಾಂವಿನಿಂದ ಲೋಣಾವಳಾಕ್ಕೆ ಹೋಗುವ ಆ ಒಂದೇ ತಂತಿ.

ಅಲ್ಲಿ ಏನೂ ತಪ್ಪಿಲ್ಲ. ತಾಳ ಸರಿ, ನಮಸ್ಕಾರ ಸರಿ. ನಿಮ್ಮ ನೆರೆಯವರು ಹೇಗಿದ್ದಾರೆ ಎಂದು ಕೇಳಿದರೆ ಎರಡೂ ಪೆಟ್ಟಿಗೆ ಪೂರ್ತಿ ಸ್ನೇಹ ಎನ್ನುತ್ತವೆ. ಆದರೂ ದಾರಿ ಮಾತ್ರ ಬರುತ್ತಿಲ್ಲ. ಇಪ್ಪತ್ತು, ಇಪ್ಪತ್ತೈದು, ಮೂವತ್ತು ನಿಮಿಷ. ಅಕ್ಕನ ಕತ್ತಿನಲ್ಲಿ ಬೆವರಿಳಿಯುತ್ತದೆ. ಹರಿಣಾಕ್ಷಿ ನೆಲ ನೋಡುತ್ತಿದ್ದಾರೆ. ನನಗಂತೂ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ.

ಇಲ್ಲಿ ಒಂದು ಕಳ್ಳದಾರಿ ಇದೆ. ಪೆಟ್ಟಿಗೆಗಳು ತಾವಾಗಿ ದಾರಿ ಕಂಡುಕೊಳ್ಳದಿದ್ದರೆ ಹೋಗಲಿ, ಪ್ರತಿಯೊಂದಕ್ಕೂ ಕೈಯಿಂದಲೇ ದಾರಿ ಬರೆದುಕೊಟ್ಟುಬಿಡಬಹುದು. ಐದು ನಿಮಿಷದ ಕೆಲಸ, ಓಗೊಡುವಿಕೆ ಬರುತ್ತದೆ, ಪರೀಕ್ಷಕರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ಹರಿಣಾಕ್ಷಿ ಮಾಡಿದ್ದು ಅದನ್ನೇ. ಅವರೇ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ: "ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕ ಬಂದು ನಡುವಿನ ಒಂದು ತಂತಿ ಕಿತ್ತರು. ಪೆಟ್ಟಿಗೆಗಳು ಬೇರೆ ದಾರಿ ಹುಡುಕಬೇಕಿತ್ತು, ಹುಡುಕಲಿಲ್ಲ. ನಾನು ಬರೆದುಕೊಟ್ಟದ್ದನ್ನೇ ಹಿಡಿದು ಗೋಡೆಗೆ ಹಾಯುತ್ತಿದ್ದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು."

ಅಕ್ಕ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಕಣ್ಣು ಅರೆಮುಚ್ಚಿವೆ. ಹೊರಗೆ ಮಂಜು ಕರಗಿ ಕಿಟಕಿಯಲ್ಲಿ ಹಾಲಿನಂಥ ಬೆಳಕು ತುಂಬಿದೆ, ಕೋಣೆ ಎಲ್ಲೋ ತೇಲುತ್ತಿರುವ ಹಾಗಿದೆ. ಮೂವತ್ತೊಂಬತ್ತನೇ ನಿಮಿಷಕ್ಕೆ ಅವರು ಎರಡೂ ಪೆಟ್ಟಿಗೆಗಳ ಉತ್ತರವನ್ನು ಪಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದುತ್ತಾರೆ. ಲೋಣಾವಳಾದ ಉತ್ತರದಲ್ಲಿ ಸ್ನೇಹದ ಮುಂದೆ ಒಂದು ಗೆರೆ ಮಾತ್ರ ಇದೆ. ತಳೇಗಾಂವಿನ ಉತ್ತರದಲ್ಲಿ ಗೆರೆಯ ಜಾಗದಲ್ಲಿ ಮುಖಂಡ ಎಂಬ ಗುರುತು.

"ಅಯ್ಯ ನನ ಶಿವನ!" ಎಂದು ಅಕ್ಕ ಹಣೆ ಬಡಿದುಕೊಂಡು ನಗುತ್ತಾರೆ. "ಇಬ್ಬರ ಇರೋ ಮನ್ಯಾಗ ಪಂಚರು ಯಾಕ ಬೇಕು?"

ಆಮೇಲೆ ನನಗೆ ಬಿಡಿಸಿ ಹೇಳಿದ್ದು ಹೀಗೆ. ಆ ತಂತಿಯಲ್ಲಿರುವುದು ಇಬ್ಬರೇ. ಲೋಣಾವಳಾ ಹಾಗೆಂದೇ ತಿಳಿದಿದೆ. ತಳೇಗಾಂವಿಗೆ ಮಾತ್ರ ಅದು ಹತ್ತಾರು ಜನ ಸೇರುವ ಜಾಗ ಎಂದು ಹರಿಣಾಕ್ಷಿ ನಂಬಿಸಿಟ್ಟಿದ್ದಾರೆ. ಅದಕ್ಕೇ ಅದು ಗುಂಪಿಗೊಬ್ಬ ಮುಖಂಡನನ್ನು ಆರಿಸಿಕೊಂಡು ಕೂತಿದೆ. ನಮಸ್ಕಾರ, ಸ್ನೇಹ ಎಲ್ಲ ನಡೆದಿದೆ. ಇಬ್ಬರೂ ಬರೆದ ನಕ್ಷೆ ಮಾತ್ರ ಒಂದಕ್ಕೊಂದು ಹೊಂದುತ್ತಿಲ್ಲ. ಇಂಥ ಸಂಸಾರಗಳನ್ನು ನಾನೂ ಕಂಡಿದ್ದೇನೆ.

ಒಂದು ಸಾಲು ತಿದ್ದುತ್ತಾರೆ. ಚುಕ್ಕಿಗಳು ನಿಂತು ಉದ್ಗಾರ ಚಿಹ್ನೆಗಳು ಸಾಲುಸಾಲಾಗಿ ಹೊರಡುತ್ತವೆ. ನಲವತ್ತೆರಡನೇ ನಿಮಿಷ. ಮಾರ್ತಾಂಡ ಸರ್ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ನಾನು ಉಸಿರು ಬಿಡುತ್ತೇನೆ. ಅಷ್ಟರಲ್ಲಿ ಅಕ್ಕ ಎದ್ದುಹೋಗಿ ಖಡಕಿ ಮತ್ತು ದಾಪೋಡಿಯ ನಡುವಿನ ತಂತಿಯನ್ನು ಕಿತ್ತುಬಿಡುತ್ತಾರೆ!

"ಏ ರೇಣುತಾಯಿ, ಏನ್ ಮಾಡ್ತೀರಿ? ಪಾಸಾಗಿದ್ರಲ್ರೀ!" ಎಂದು ಸರ್ ಕುರ್ಚಿಯಿಂದ ಏಳುತ್ತಾರೆ.

"ತಡೀರಿ ಸರ, ನಾ ಇನ್ನೂ ಪಾಸ್ ಮಾಡಿಲ್ಲ."

ಪರದೆಯ ಮೇಲೆ ಮತ್ತೆ ಚುಕ್ಕಿಗಳು. ಆ ತಂತಿಯ ನಡುವೆ ಸ್ವಿಚ್ಚು ಎಂಬ ಎರಡು ಪುಟ್ಟ ಜೋಡಣೆ ಪೆಟ್ಟಿಗೆಗಳಿವೆ. ಅಕ್ಕ ಕಿತ್ತದ್ದು ಅವುಗಳ ನಡುವೆ. ಹಾಗಾಗಿ ಎರಡೂ ಊರಿಗೆ ತಮ್ಮ ತುದಿ ಗಟ್ಟಿಯಾಗಿಯೇ ಕಾಣುತ್ತದೆ. ನಲವತ್ತು ಸೆಕೆಂಡು ನಮಸ್ಕಾರ ಬಾರದಿದ್ದಾಗ ಮಾತ್ರ ನೆರೆಯವರು ಇಲ್ಲವೆಂದು ತಿಳಿಯುತ್ತದೆ. ಗಡಿಯಾರದಲ್ಲಿ ಉಳಿದಿರುವುದು ಮೂರು ನಿಮಿಷಕ್ಕೂ ಕಡಿಮೆ. ಹತ್ತು ಚುಕ್ಕಿ. ಹದಿನೈದು ಚುಕ್ಕಿ. ಹರಿಣಾಕ್ಷಿ ನನ್ನ ಕೈ ಹಿಡಿದದ್ದು ನೋವಾಗುವಷ್ಟು ಬಿಗಿ. ಅಕ್ಕ ಮಾತ್ರ ಕಿತ್ತ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಯಾರೋ ಬರುವವರಿದ್ದಾರೆ ಎಂಬ ಹಾಗೆ ನಿಂತಿದ್ದಾರೆ.

ಒಂದು ಉದ್ಗಾರ ಚಿಹ್ನೆ. ಇನ್ನೊಂದು. ಆಮೇಲೆ ಸಾಲು. ಖಡಕಿ ಬಿಟ್ಟು ಚಿಂಚವಡದ ದಾರಿ ಹಿಡಿದು ಮಾತು ಲೋಣಾವಳಾ ಮುಟ್ಟಿದೆ. "ಹಾಂ, ಈಗ ನೆಟ್ಟಗಾತು" ಎಂದು ಅಕ್ಕ ಬಂದು ಕೂರುತ್ತಾರೆ. ಮಾರ್ತಾಂಡ ಸರ್ ಹಾಳೆಯ ಮೇಲೆ ಸಹಿ ಮಾಡಿ, ಬೆವರು ಒರೆಸಿಕೊಂಡು, ಚಹಾ ತರಿಸುತ್ತಾರೆ.

ಚಹಾ ಕುಡಿಯುತ್ತಾ ಅಕ್ಕ ಅಳತೊಡಗುತ್ತಾರೆ. ಪಾಸಾದ ಖುಷಿಗೆ ಎಂದು ನಾವೆಲ್ಲ ನಗುತ್ತೇವೆ. ಅವರು ತಲೆ ಅಲ್ಲಾಡಿಸುತ್ತಾರೆ.

"ಅದಕ್ಕಲ್ಲರಿ. ಹನ್ನೊಂದು ವರ್ಷ ಎಲ್ಲಾರ ಸಲುವಾಗಿ ನಾ ಕೆಡಿಸೀನಿ. ಈ ಹುಡುಗ ಬುದ್ಧಿವಂತ, ಅವಗ ಇದು ಹಾಕೋಣು. ಆ ಹುಡುಗಿ ಅಂಜ್ತಾಳ, ಆಕಿಗೆ ಇದು ಅಂತ ವಿಚಾರ ಮಾಡಿ ಮಾಡಿ ಹಾಕೀನಿ. ಛಾಪಿಸಿದ ಪ್ರಶ್ನೆಪತ್ರಿಕೆ ಎಲ್ಲಾರಿಗೂ ಒಂದ. ಆದ್ರ ಈ ಹರಿಣಾಕ್ಷಿ ನನಗಂತನ, ನನ್ನೊಬ್ಬಾಕಿಗಂತನ, ಹದಿನೈದು ದಿನ ಕುಂತು ವಿಚಾರ ಮಾಡ್ಯಾಳ ನೋಡ್ರಿ."

ಹರಿಣಾಕ್ಷಿಗೂ ಕಣ್ಣು ತುಂಬಿದೆ, ನನಗೂ. ಮುಂದೇನು ಆಸೆ ಅಕ್ಕ ಎಂದು ಕೇಳುತ್ತೇನೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಹರಿಣಾಕ್ಷಿಯ ಕಡೆ ತಿರುಗುತ್ತಾರೆ.

"ವರ್ಷಕ್ಕೊಮ್ಮೆ ಬಾರವಾ. ನನಗ ತಿಳೀದಂಗ ಕೆಡಿಸಿ ಹೋಗು."